ಹರಳಿನ ಕವಚದಲ್ಲಿ ಪ್ರೋಟೀನ್



ಸರಂಧ್ರ ಹರಳುಗಳನ್ನೂ ಜೈವಿಕ ಅಣುಗಳನ್ನೂ ಒಂದುಗೂಡಿಸುವ ಸಂಶೋಧನೆಗೆ ಮೀಸಲಾದ ಈ ವಸ್ತುಪ್ರದರ್ಶನದ ಕೇಂದ್ರದಲ್ಲಿರುವುದು ಲೋಹ-ಸಾವಯವ ಚೌಕಟ್ಟು, ಅಂದರೆ ಲೋಹದ ಅಯಾನುಗಳನ್ನು ಇಂಗಾಲಯುಕ್ತ ಅಣುಗಳು ಬೆಸೆದಾಗ ಉಂಟಾಗುವ, ಒಡಲ ತುಂಬ ಕ್ರಮಬದ್ಧ ಪೊಳ್ಳುಗಳಿರುವ ಹರಳು. ಮೆಲ್ಬರ್ನ್‌ನ ರಿಚರ್ಡ್ ರಾಬ್ಸನ್ 1989ರಲ್ಲಿ ಇದಕ್ಕೆ ದಾರಿ ತೋರಿದರು. ಅವರಿಗೂ ಸುಸುಮು ಕಿಟಗಾವಾ, ಓಮರ್ ಯಾಘಿ ಅವರಿಗೂ 2025ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು.

ಇಂಥ ಹರಳು ಕವಚವಾಗಿ ಕಾಪಾಡಬಲ್ಲ ಜೈವಿಕ ಅಣುಗಳಲ್ಲಿ ಒಂದು ಪ್ರೋಟೀನ್. ಅದರ ಕಾರ್ಯವೆಲ್ಲ ಅದರ ಮಡಿಕೆಯನ್ನು ಅವಲಂಬಿಸಿದೆ. ಕಾವೇರಿದರೆ ಮಡಿಕೆ ಬಿಚ್ಚಿಕೊಂಡು ಅದು ನಿಷ್ಕ್ರಿಯವಾಗುವುದರಿಂದಲೇ ಹಲವು ಲಸಿಕೆಗಳನ್ನು ತಯಾರಿಕೆಯಿಂದ ಬಳಕೆಯವರೆಗೂ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಬೇಕಾಗುತ್ತದೆ. ಈ ತೊಡಕಿಗೆ ಉತ್ತರವಾಗಿ ಸಂಶೋಧಕರಾದ ಪಾವೊಲೊ ಫಾಲ್ಕಾರೊ, ಕ್ರಿಶ್ಚಿಯನ್ ಡೂನನ್ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸತುವಿನ ಅಯಾನು, ಮೀಥೈಲ್ ಇಮಿಡಜೋಲ್ ಎಂಬ ಸಾವಯವ ಅಣು ಮತ್ತು ಪ್ರೋಟೀನ್ ಇವನ್ನು ನೀರಿನಲ್ಲಿ ಬೆರೆಸಿದರೆ ಸಾಕು, ಪ್ರೋಟೀನ್ ತಾನೇ ಆ ಘಟಕಗಳನ್ನು ಸೆಳೆದುಕೊಂಡು ತನ್ನ ಸುತ್ತ ಜಿಫ್-8 ಎಂಬ ಹರಳು ಬೆಳೆಯುವಂತೆ ಮಾಡುತ್ತದೆ. ಸುಮಾರು 0.34 ನ್ಯಾನೋಮೀಟರ್ ಅಗಲದ ಅದರ ಕಿಂಡಿಗಳು ಜರಡಿಯಂತೆ ಕೆಲಸ ಮಾಡುವುದರಿಂದ ಸಣ್ಣ ಅಣುಗಳು ಒಳಹೊರಗೆ ಸುಳಿದಾಡುತ್ತವೆ, ಪ್ರೋಟೀನ್ ಮಾತ್ರ ಹೊರಬರಲಾರದು, ಅದನ್ನು ಕತ್ತರಿಸುವ ಕಿಣ್ವವೂ, ಎಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್ ಕೂಡ, ಒಳನುಗ್ಗಲಾರದು. ಹೀಗೆ ಕವಚ ತೊಟ್ಟ ಕಿಣ್ವವೊಂದು ಕುದಿನೀರಿನಲ್ಲಿದ್ದು ಬಂದ ಮೇಲೂ ತನ್ನ ಶಕ್ತಿಯ ಬಹುಪಾಲನ್ನು ಉಳಿಸಿಕೊಂಡದ್ದು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು.

ಇನ್ಸುಲಿನ್‌ಗಾಗಿ ಅನುಸರಿಸಿದ ಹಾದಿ ಬೇರೆ: ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಜಿರ್ಕೋನಿಯಂನ ಎನ್‌ಯು-1000 ಎಂಬ, ಮೊದಲೇ ಸಿದ್ಧವಾದ ಅಗಲ ರಂಧ್ರಗಳ ಹರಳಿನೊಳಕ್ಕೆ ಇನ್ಸುಲಿನ್ನನ್ನು ತುಂಬಿದರು, ಜಠರದಲ್ಲಿರುವಂಥ ಆಮ್ಲವನ್ನು ತಾಳಿಕೊಂಡು ಮುಂದೆ ಔಷಧವನ್ನು ಬಿಟ್ಟುಕೊಡುವುದು ಅದರ ಉದ್ದೇಶ.

ಆದರೆ ಉತ್ಸಾಹಕ್ಕೆ ಲಗಾಮು ಬೇಕು. ಕ್ಯಾನ್ಸರ್ ಗಡ್ಡೆಯ ಸುತ್ತಲಿನಂಥ ಆಮ್ಲೀಯ ಪರಿಸರದಲ್ಲಿ ಜಿಫ್-8 ಕರಗುವುದು ಗಡ್ಡೆಯಿರುವಲ್ಲಿಯೇ ಔಷಧ ಬಿಡುಗಡೆ ಮಾಡಲು ಅನುಕೂಲವೆಂದು ಹೊಗಳಲಾಗುತ್ತದಾದರೂ, ದೇಹದ್ರವಗಳಲ್ಲಿರುವ ಫಾಸ್ಫೇಟ್ ಕೂಡ ಅದೇ ಹರಳನ್ನು ಶಿಥಿಲಗೊಳಿಸುತ್ತದೆ. ಕರಗಿದ ಮೇಲೆ ಉಳಿಯುವ ಸತುವಿನ ಪ್ರಮಾಣ ಹೆಚ್ಚಾದರೆ ಅದು ಜೀವಕೋಶಕ್ಕೆ ವಿಷವೂ ಆಗಬಲ್ಲದು. ಆದ್ದರಿಂದ ಕಿಣ್ವಗಳ ಸಂಗ್ರಹ, ರೋಗಪತ್ತೆಯ ಸಾಧನ ಮುಂತಾದ ದೇಹದ ಹೊರಗಿನ ಬಳಕೆಗಳೇ ಮೊದಲು ಕೈಗೂಡುವುದು ಹೆಚ್ಚು ಸಂಭವನೀಯ. ಚುಚ್ಚುಮದ್ದಿನ ಮಾತು ಆಮೇಲಿನದು.

ಇಲ್ಲಿ ನೆರೆದಿರುವ ವಿದ್ಯಾರ್ಥಿಗಳು ಮಾದರಿಗಳ ಚೆಲುವನ್ನಷ್ಟೇ ನೋಡಿ ಮುಂದೆ ಸಾಗದೆ, ಈ ಹರಳು ಎಲ್ಲಿ ಕರಗುತ್ತದೆ, ಕರಗಿದ ಲೋಹ ಎಲ್ಲಿಗೆ ಹೋಗುತ್ತದೆ ಎಂದು ಪ್ರತಿಯೊಂದು ಮಳಿಗೆಯಲ್ಲೂ ಸಂಶೋಧಕರನ್ನು ಕೇಳಬೇಕೆಂಬ ವಿನಂತಿಯೊಂದಿಗೆ ಈ ಪ್ರದರ್ಶನವು ಉದ್ಘಾಟನೆಗೊಂಡಿದೆಯೆಂದು ಘೋಷಿಸುತ್ತೇನೆ.