ತಂಬೂರಿಯ ಮಣಿ, ದೀಪದ ಗುಂಡಿ



ಎಲೆಕ್ಟ್ರಾನಿಕ್ಸ್ ಕುರಿತು ಮಾತನಾಡಲು ಕರೆದಿದ್ದೀರಿ. ನಾನು ಇಂಜಿನಿಯರ್ ಅಲ್ಲ, ಬಿ.ಎಡ್. ಮಾಡಿದ ಶಾಲಾ ಮಾಸ್ತರ. ಅಂತರ್ಜಾಲದಲ್ಲಿ ನೋಡಿ, ಮಕ್ಕಳ ಜೊತೆ ಕುಳಿತು ಕಲಿತದ್ದನ್ನಷ್ಟೇ ಹೇಳುತ್ತೇನೆ.

ಮಿರಜದಲ್ಲಿ ನಿಂತವನು ಉದಾಹರಣೆಗೆ ದೂರ ಹೋಗಬೇಕಿಲ್ಲ. ಇಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ತಂಬೂರಿಯ ಮಣಿಯನ್ನು ಕೂದಲೆಳೆಯಷ್ಟು ಸರಿಸಿದರೆ ಶ್ರುತಿಯೂ ಅಷ್ಟೇ ಸರಿಯುತ್ತದೆ, ನಡುವೆ ಮೆಟ್ಟಿಲುಗಳಿಲ್ಲ. ಇದು ಅನಲಾಗ್. ಗೋಡೆಯ ಮೇಲಿನ ದೀಪದ ಗುಂಡಿಗೆ ಎರಡೇ ಸ್ಥಿತಿ. ಇದು ಡಿಜಿಟಲ್. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿ ತಂತಿಯ ಕೆಲಸವನ್ನು ಸರ್ಕ್ಯೂಟಿಗೆ ಒಪ್ಪಿಸಿದರು. ಇಷ್ಟು ಹೇಳಿದರೆ ಮಕ್ಕಳು ಕಿವಿ ನಿಮಿರಿಸುತ್ತಾರೆ.

ನಾವು ಮಾಡಿದ್ದು ಕತ್ತಲಾದೊಡನೆ ತಾನೇ ಹೊತ್ತುವ ದೀಪ. ಬೆಳಕು ಬಿದ್ದರೆ ರೋಧ ಇಳಿಯುವ ಒಂದು ಎಲ್‌ಡಿಆರ್, ಬಿಸಿ 547 ಟ್ರಾನ್ಸಿಸ್ಟರ್, ಎಲ್‌ಇಡಿ, 100 ಕಿಲೋ ಓಮ್ ಮತ್ತು 470 ಓಮ್‌ನ ಎರಡು ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ. ಕತ್ತಲೆ ಕವಿದಂತೆ ಎಲ್‌ಡಿಆರ್ ಮೇಲಿನ ವೋಲ್ಟೇಜ್ ಮೆಲ್ಲಗೆ ಏರುತ್ತದೆ. ಟ್ರಾನ್ಸಿಸ್ಟರಿನ ಬೇಸಿಗೆ ಸುಮಾರು 0.7 ವೋಲ್ಟ್ ಮುಟ್ಟುವಾಗ ದೀಪ ಹೊತ್ತುತ್ತದೆ, ಹೆಚ್ಚುಕಡಿಮೆ ಗುಂಡಿ ಒತ್ತಿದಂತೆಯೇ.

ಮೊದಲು ಇದನ್ನು ಟಿಂಕರ್‌ಕ್ಯಾಡ್‌ನಲ್ಲಿ ಜೋಡಿಸಿದೆವು. ರೆಸಿಸ್ಟರ್ ಮರೆತರೆ ಪರದೆಯ ಮೇಲಿನ ಎಲ್‌ಇಡಿ ಸಿಡಿದಂತೆ ತೋರಿಸುತ್ತದೆ, ಪೈಸೆ ಖರ್ಚಿಲ್ಲ. ನಿಜವಾದವು ನನ್ನ ಕೈಯಲ್ಲಿ ಎರಡು ಸುಟ್ಟಿವೆ! ಆದರೆ ಪರದೆಯಲ್ಲಿ ತಂತಿ ಸಡಿಲವಾಗುವುದಿಲ್ಲ, ಬ್ರೆಡ್‌ಬೋರ್ಡಿನಲ್ಲಿ ಆಗುತ್ತದೆ. ನಮ್ಮ ದೀಪ ಅರ್ಧ ದಿನ ಹೊತ್ತಲೇ ಇಲ್ಲ. ಕೊನೆಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಂದೊಂದೇ ತಂತಿ ಒತ್ತಿ ನೋಡಿ ದೋಷ ಹಿಡಿದಳು. ಆದ್ದರಿಂದ ಮೊಬೈಲ್ ಒಂದೇ ಸಾಕೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಇನ್ನು ಭಾಷೆಯ ಮಾತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಸರ್ಕ್ಯೂಟಿನ ಪಾಠ ನಿಜವಾಗಿ ಆರಂಭವಾಗುವುದು ಆ ಹಂತ ದಾಟಿದ ಮೇಲೆ. ಹತ್ತನೆಯ ತರಗತಿ ಮುಗಿಸಿ ಡಿಪ್ಲೊಮಾ ಸೇರಿದ್ದ ಜತ್ತ ಕಡೆಯ ಹುಡುಗನೊಬ್ಬ ನನ್ನೆದುರು ಅಂದ: "ಸರ, ಕರೆಂಟ್ ತಿಳೀತದ, ಅವ್ರು ಹೇಳೂದು ತಿಳ್ಯಂಗಿಲ್ಲ." ಆರು ತಿಂಗಳಲ್ಲಿ ಓದು ಬಿಟ್ಟ.

ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದ ಪಾಠಗಳೂ ಇವೆ. ಅವನ್ನು ತರಗತಿಗೆ ತನ್ನಿ. 'ರೆಸಿಸ್ಟರ್' ಎಂಬ ಪದವನ್ನು ಹಾಗೆಯೇ ಇರಗೊಡಿ, ಮುಂದೆ ಐಟಿಐಯಲ್ಲಿ ಅದೇ ಕಿವಿಗೆ ಬೀಳುವುದು. ಕೆಲವು ಹಿರಿಯರು ಇದಕ್ಕೆ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಇರಲಿ. ಅದನ್ನು ಏಕೆ ಹಾಕಬೇಕೆಂಬುದನ್ನು ಮಾತ್ರ ಕನ್ನಡದಲ್ಲಿ ಹೇಳಿ. ಪ್ರತಿ ಶಾಲೆಗೂ ಒಂದು ಕಂಪ್ಯೂಟರ್, ಇಂಟರ್‌ನೆಟ್, ಒಂದು ಪೆಟ್ಟಿಗೆ ಬಿಡಿಭಾಗ ಬೇಕೆಂಬ ಮನವಿಯನ್ನು ಬರೆದು ತಂದಿದ್ದೇನೆ. ಸಹಿ ಹಾಕಬೇಕಾಗಿ ವಿನಂತಿ.

ಆ ದೀಪವೂ ಅಲ್ಲಿಯೇ ಬಾಗಿಲ ಬಳಿಯ ಮೇಜಿನ ಮೇಲಿದೆ. ಎಲ್‌ಡಿಆರ್ ಮೇಲೆ ಬೆರಳಿಟ್ಟು ನೋಡಿ.