ನೂಲಿನ ಪುರಾಣಗಳೂ ದಾಸಿಮಯ್ಯನ ಮಗ್ಗವೂ



ಮನುಷ್ಯನು ಬಟ್ಟೆಯನ್ನುಡಲು ಕಲಿತ ಕಾಲವು ಯಾವುದೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಅರಳೆಯಿಂದ ಎಳೆ ಹೊರಟು, ಎಳೆಯು ಎಳೆಯೊಡನೆ ಕೂಡಿ, ಬತ್ತಲೆಯ ಮೈಗೆ ಮಾನ ಬಂದುದು ಅವನಿಗೆ ಬಹು ದೊಡ್ಡ ಸೋಜಿಗವಾಗಿ ತೋರಿರಬೇಕು. ಆದುದರಿಂದಲೇ ಪೃಥ್ವಿಯ ಮೇಲಣ ಎಷ್ಟೋ ಪ್ರಾಚೀನ ಜನಾಂಗಗಳು ತಂತಮ್ಮ ಪುರಾಣಗಳಲ್ಲಿ ನೂಲಿಗೂ ಮಗ್ಗಕ್ಕೂ ದೇವತೆಗಳ ನಡುವೆ ಸ್ಥಾನವನ್ನು ಕಲ್ಪಿಸಿರುವವು. ಪುರಾಣವು ಇತಿಹಾಸದ ಲೆಕ್ಕಪತ್ರವಲ್ಲವೆಂಬುದು ನಿಜವೇ. ಆದರೂ ಒಂದು ಜನಾಂಗವು ಯಾವ ಕೆಲಸಕ್ಕೆ ಎಷ್ಟು ಬೆಲೆಯನ್ನು ಕಟ್ಟಿತ್ತೆಂಬುದನ್ನು ಅದರ ಪುರಾಣದಿಂದ ಅರಿಯಬಹುದು. ಮಗ್ಗದ ಸಪ್ಪಳದಲ್ಲಿಯೇ ಬೆಳೆದು ಬಂದ ಗುಳೇದಗುಡ್ಡದಲ್ಲಿ ಈ ವಿಚಾರವನ್ನು ಮಾಡುವುದು ಉಚಿತವಾಗಿರುವುದು.

ಮೊದಲು ಗ್ರೀಕರ ಕಥೆಯನ್ನು ನೋಡಬಹುದು. ಅವರ ಮತದಂತೆ ವಿಧಿಯೆಂಬುದು ಮೂವರು ಸೋದರಿಯರ ಕೈಯಲ್ಲಿದೆ. ಕ್ಲೋಥೋ ಎಂಬವಳು ಪ್ರತಿಯೊಬ್ಬರ ಆಯುಷ್ಯದ ನೂಲನ್ನು ನೂಲುವಳು. ಲಾಖೆಸಿಸ್ ಅದನ್ನು ಅಳೆಯುವಳು. ಆಟ್ರೊಪೊಸ್ ಅದನ್ನು ಕತ್ತರಿಸುವಳು. ಭಾರತದ ಕಥೆಯೂ ಇದಕ್ಕೆ ದೂರವಾದುದಲ್ಲ. ಮಹಾಭಾರತದ ಆದಿಪರ್ವದಲ್ಲಿ ಗುರುಪತ್ನಿಯ ಕುಂಡಲಗಳನ್ನು ಅರಸುತ್ತ ನಾಗಲೋಕಕ್ಕಿಳಿದ ಉತ್ತಂಕನು ಅಲ್ಲಿ ಇಬ್ಬರು ಸ್ತ್ರೀಯರು ಬಿಳಿಯ ಮತ್ತು ಕರಿಯ ಎಳೆಗಳಿಂದ ಬಟ್ಟೆ ನೇಯುತ್ತಿರುವುದನ್ನು ಕಾಣುವನು. ಆ ಎಳೆಗಳೇ ಹಗಲಿರುಳುಗಳೆಂದು ಅವನ ಗುರುವು ಆಮೇಲೆ ತಿಳಿಸುವನು. ಕಾಲವೆಂಬ ಕಣ್ಣಿಗೆ ಕಾಣದ ವಸ್ತುವನ್ನು ಹೇಳಬೇಕಾದಾಗ ಎರಡು ದೇಶಗಳ ಜನರಿಗೂ ನೂಲೇ ನೆನಪಾದುದು ಗಮನಿಸತಕ್ಕ ಮಾತು.

ಜಪಾನ ದೇಶದಲ್ಲಿ ಕ್ರಿ.ಶ. ೭೧೨ರಲ್ಲಿ ಸಿದ್ಧವಾದ ‘ಕೊಜಿಕಿ’ ಎಂಬ ಗ್ರಂಥವು ಇನ್ನೊಂದು ಕಥೆಯನ್ನು ಹೇಳುವುದು. ಸೂರ್ಯದೇವತೆಯಾದ ಅಮತೆರಾಸುವಿನ ನೇಯ್ಗೆಯ ಮನೆಯಲ್ಲಿ ದೇವತೆಗಳ ವಸ್ತ್ರಗಳು ಸಿದ್ಧವಾಗುತ್ತಿದ್ದವು. ಅವಳ ತಮ್ಮನಾದ ಸುಸನೊವೊ ಮದದಿಂದ ಆ ಮನೆಯ ಮಾಡನ್ನು ಒಡೆದು, ಚರ್ಮ ಸುಲಿದ ಕುದುರೆಯನ್ನು ಒಳಗೆ ಎಸೆದನು. ನೇಯುತ್ತಿದ್ದವಳೊಬ್ಬಳು ಬೆದರಿ, ಮಗ್ಗದ ಲಾಳಿಯೇ ತಗುಲಿ ಮಡಿದಳು. ಆಗ ಸೂರ್ಯದೇವತೆಯು ಗವಿಯನ್ನು ಹೊಕ್ಕು ಕಲ್ಲನ್ನು ಮುಚ್ಚಿಕೊಳ್ಳಲು, ಲೋಕವೆಲ್ಲ ಕತ್ತಲಾಯಿತು. ನೇಯುವವಳು ಮಗ್ಗದ ಮುಂದೆ ಸತ್ತರೆ ಸೂರ್ಯನೂ ಮೊರೆ ಮರೆಸಿಕೊಳ್ಳುವನೆಂದು ಆ ಜನರು ಭಾವಿಸಿದ್ದರು.

ಎಲ್ಲ ದೇವತೆಗಳೂ ಹೀಗೆ ನೇಯುವವರ ಪಕ್ಷದವರಾಗಿರಲಿಲ್ಲ. ರೋಮಿನ ಕವಿ ಓವಿಡನು ಹೇಳಿದ ಅರಾಕ್ನೆಯ ಕಥೆಯನ್ನು ನೋಡಿರಿ. ಲಿಡಿಯಾ ದೇಶದಲ್ಲಿ ಬಣ್ಣಗಾರನೊಬ್ಬನ ಮಗಳಾದ ಇವಳು ನೇಯ್ಗೆಯಲ್ಲಿ ಅಸಮಾನಳು. ತನಗೆ ಈ ವಿದ್ಯೆಯನ್ನು ಯಾವ ದೇವತೆಯೂ ಕಲಿಸಿಲ್ಲವೆಂದು ಹೆಮ್ಮೆಪಟ್ಟು, ನೇಯ್ಗೆಯ ಅಧಿದೇವತೆಯೊಡನೆಯೇ ಪಂತವನ್ನು ಕಟ್ಟಿದಳು. ಬಟ್ಟೆಗಳೆರಡೂ ಸಿದ್ಧವಾದವು. ಅರಾಕ್ನೆಯ ಬಟ್ಟೆಯಲ್ಲಿ ಮತ್ಸರವು ಕೂಡ ತಪ್ಪನ್ನು ಹುಡುಕಲಾರದಾಯಿತು. ದೇವತೆಯು ಸಿಟ್ಟಿಗೆದ್ದು ಆ ಬಟ್ಟೆಯನ್ನು ಹರಿದು, ಲಾಳಿಯಿಂದ ಅವಳ ಹಣೆಗೆ ಹೊಡೆದಳು. ಅವಮಾನವನ್ನು ತಾಳಲಾರದೆ ಉರಲು ಹಾಕಿಕೊಂಡವಳನ್ನು ಜೇಡರಹುಳವನ್ನಾಗಿ ಮಾಡಿದಳು. ಗ್ರೀಕ ಭಾಷೆಯಲ್ಲಿ ‘ಅರಾಕ್ನೆ’ ಎಂದರೆ ಜೇಡರಹುಳವೆಂದೇ ಅರ್ಥ. ಕನ್ನಡದಲ್ಲಿಯೂ ‘ಜೇಡ’ ಎಂಬ ಒಂದೇ ಮಾತು ಆ ಹುಳಕ್ಕೂ ನೇಕಾರನಿಗೂ ಸಲ್ಲುವುದು. ಒಂದು ದೇಶದಲ್ಲಿ ಶಾಪವಾಗಿ ಬಂದ ಹೆಸರು ಇನ್ನೊಂದು ದೇಶದಲ್ಲಿ ಶರಣನೊಬ್ಬನ ಬಿರುದಾಯಿತು. ಆತನೇ ಮುದನೂರಿನ ಜೇಡರ ದಾಸಿಮಯ್ಯನು.

ದಾಸಿಮಯ್ಯನು ಬಸವಣ್ಣನವರಿಗಿಂತ ಹಿಂದಿನವನೆಂಬುದು ಬಹುಜನ ವಿದ್ವಾಂಸರ ಮತ; ಬಸವಣ್ಣನವರು ತಮ್ಮ ವಚನಗಳಲ್ಲಿ ಆತನನ್ನು ನೆನೆದಿರುವರು. ರಾಮನಾಥನೆಂಬುದು ಆತನ ಅಂಕಿತ, ದುಗ್ಗಳೆಯು ಆತನ ಸತಿ. ಆತನು ಕಾಡಿನಲ್ಲಿ ಉಗ್ರತಪಸ್ಸನ್ನು ಮಾಡುತ್ತಿರುವಾಗ ಶಿವನು ಮೈದೋರಿ, ಲೋಕದಲ್ಲಿದ್ದು ದುಡಿದು ಬಾಳೆಂದು ಹೇಳಿ ಕಳುಹಿದನೆಂದೂ, ಆಗ ಆತನು ಮಗ್ಗವನ್ನು ಹೂಡಿದನೆಂದೂ ಐತಿಹ್ಯವಿದೆ. ಬಹುದಿನ ದುಡಿದು ದಿವ್ಯವಾದ ಒಂದು ವಸ್ತ್ರವನ್ನು ನೇಯ್ದು ಸಂತೆಗೆ ಒಯ್ದರೆ ಕೊಳ್ಳುವವರಿಲ್ಲ. ಮರಳಿ ಬರುವಾಗ ಮುಪ್ಪಿನ ಜಂಗಮನೊಬ್ಬನು ಅದನ್ನು ಬೇಡಿದನು. ದಾಸಿಮಯ್ಯನು ಕೊಟ್ಟನು. ಜಂಗಮನು ಆತನ ಕಣ್ಣೆದುರಿನಲ್ಲಿಯೇ ಆ ವಸ್ತ್ರವನ್ನು ಚಿಂದಿಮಾಡಿ ಮೈಗೆ ಸುತ್ತಿಕೊಂಡನು. ದಾಸಿಮಯ್ಯನ ಮನಸ್ಸು ಕದಡಲಿಲ್ಲ. ಬಂದವನು ಶಿವನೇ ಆಗಿದ್ದನು. ತೆಗೆದಷ್ಟೂ ತೀರದ ಧಾನ್ಯದ ತವನಿಧಿಯನ್ನು ಆ ದಂಪತಿಗಳಿಗೆ ಕರುಣಿಸಿದನು.

ಎರಡೂ ಕಥೆಗಳಲ್ಲಿ ಬಟ್ಟೆಯನ್ನು ಹರಿದವರು ದೇವರೇ. ಆದರೆ ಅಲ್ಲಿ ಹರಿದುದು ಮತ್ಸರದಿಂದ, ಇಲ್ಲಿ ಪರೀಕ್ಷೆಗಾಗಿ. ಅಲ್ಲಿಯ ದೇವತೆಯು ಕುಶಲಳಾದವಳ ಕೈಯನ್ನೇ ಕಸಿದುಕೊಂಡಳು. ಇಲ್ಲಿಯ ದೇವನು ಕಾಯಕಜೀವಿಯ ಮನೆಯನ್ನು ತುಂಬಿದನು. ಅರಾಕ್ನೆಯು ‘ನನ್ನದು’ ಎಂದಳು. ದಾಸಿಮಯ್ಯನು ಕೊಟ್ಟ ಬಳಿಕ ‘ನನ್ನದು’ ಎನ್ನಲಿಲ್ಲ. ಈ ಭೇದವನ್ನು ಎಲ್ಲರೂ ಕೊಂಡಾಡುವರು. ಆದರೆ ಕಥೆಯ ಕೊನೆಯನ್ನು ಮರೆಯುವವರೂ ಉಂಟು. ನೇಕಾರನು ತಾಳ್ಮೆಯುಳ್ಳವನಾಗಿರಬೇಕೆಂದು ಹೇಳಿ ಪುರಾಣವು ಅಲ್ಲಿಗೇ ನಿಲ್ಲುವುದಿಲ್ಲ; ಅವನ ಮನೆಯಲ್ಲಿ ಕಾಳು ಬರಿದಾಗಬಾರದೆಂದೂ ಹೇಳುವುದು. ತವನಿಧಿಯನ್ನು ಬಿಟ್ಟು ತಾಳ್ಮೆಯನ್ನು ಮಾತ್ರ ಬೋಧಿಸಿದರೆ ಅದು ಅರ್ಧ ಪುರಾಣವಾದೀತು.

ಗುಳೇದಗುಡ್ಡದ ಖಣವನ್ನು ಅರಿಯದ ತಾಯಂದಿರು ಈ ಸೀಮೆಯಲ್ಲಿಲ್ಲ. ರೇಷ್ಮೆಯ ಹಾಸಿಗೆ ಹತ್ತಿಯ ಹೊಕ್ಕನ್ನು ಕೂಡಿಸಿ, ತೇರು, ಆನೆಹೆಜ್ಜೆ, ತುಳಸಿ, ಸೂರ್ಯನಾರಾಯಣ ಮೊದಲಾದ ಚಿತ್ತಾರಗಳನ್ನು ಎತ್ತುತ್ತ, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವರು ಅದನ್ನು ನೇಯ್ದರು. ಒಬ್ಬನು ನೇಯಬೇಕಾದರೆ ಮನೆಯ ಹೆಂಗಸರೂ ಮಕ್ಕಳೂ ನೂಲು ಸುತ್ತಬೇಕು, ಹಾಸು ಹಿಡಿಯಬೇಕು. ಉಡಿ ತುಂಬುವಲ್ಲಿ, ಮದುವೆಯಲ್ಲಿ, ಸೀಮಂತದಲ್ಲಿ ಖಣವಿಲ್ಲದೆ ಮಂಗಲವಿಲ್ಲ. ಈ ಖಣಕ್ಕೆ ಸರಕಾರದಿಂದ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯು ೧೯೮೫ರಲ್ಲಿಯೇ ಬಂದಿದೆ. ಇಷ್ಟಾದರೂ ವಿದ್ಯುನ್ಮಗ್ಗದ ಅಗ್ಗದ ಬಟ್ಟೆಯು ಅದೇ ಚಿತ್ತಾರವನ್ನು ಹೊತ್ತು ಪೇಟೆಗೆ ಬರುತ್ತಲಿದೆ. ಕೈಮಗ್ಗಗಳು ಒಂದೊಂದಾಗಿ ಮೌನವಾಗುತ್ತಲಿವೆ. ‘ಗುಳೇ’ ಎಂದರೆ ಹೊಟ್ಟೆಪಾಡಿಗಾಗಿ ಊರು ಬಿಡುವುದು. ಊರಿನ ಹೆಸರಿನಲ್ಲಿ ಕೇಳುವ ಆ ಮಾತು ನೇಕಾರರ ಮಕ್ಕಳ ಹಣೆಬರಹವಾಗಬಾರದು.

ಹಾಗಾದರೆ ಭಕ್ತರು ಮಾಡತಕ್ಕುದೇನು? ಪವಾಡವನ್ನು ಕಾಯ್ದು ಕುಳಿತುಕೊಳ್ಳಬೇಕಾಗಿಲ್ಲ. ದಾಸಿಮಯ್ಯನು ಸಂತೆಗೆ ಹೋದಾಗ ಕೊಳ್ಳುವವರು ಇಲ್ಲದ್ದರಿಂದ ಅಲ್ಲವೇ ಶಿವನೇ ಬರಬೇಕಾಯಿತು? ಉಡಿ ತುಂಬುವ ಖಣವು ಕೈಮಗ್ಗದ್ದೇ ಆಗಿರಲಿ. ಅದರ ಬೆಲೆಯಲ್ಲಿ ಚೌಕಾಶಿಯು ಬೇಡ. ನೇಯ್ದವನಿಗೆ ಹಣವು ಕಡವಾಗಿ ಉಳಿಯದೆ ಆ ದಿನವೇ ಸೇರಲಿ. ಮಠದ ಜಾತ್ರೆ ಉತ್ಸವಗಳಲ್ಲಿ ಹೊದಿಸುವ ವಸ್ತ್ರವು ಈ ಊರಿನ ಮಗ್ಗದಿಂದಲೇ ಬರಲಿ. ಹತ್ತು ಮನೆಗಳು ಹೀಗೆ ನಡೆದರೆ ಒಂದು ಮಗ್ಗವು ನಿಂತೀತು. ನೂರು ಮನೆಗಳು ನಡೆದರೆ ಒಂದು ಓಣಿಯು ಉಳಿದೀತು.

ಶಿವನು ಒಮ್ಮೆ ಕೊಟ್ಟ ತವನಿಧಿಯನ್ನು ತೀರದಂತೆ ನೋಡಿಕೊಳ್ಳುವ ಭಾರವು ಉಟ್ಟವರ ಮೇಲಿರುವುದು. ಲಾಳಿಯು ಹಾಸಿನ ಈ ಅಂಚಿನಿಂದ ಆ ಅಂಚಿಗೆ ಹೋಗಿ ಮರಳಿದಂತೆ, ನೇಕಾರನ ಕೈಯಿಂದ ಹೋದ ವಸ್ತ್ರವು ಅನ್ನವಾಗಿ ಅವನ ಮನೆಗೆ ಮರಳಲಿ.