ಪ್ರಮಾಣ ಮತ್ತು ಪದತ್ಯಾಗ: ಕರುಮತ್ತಂಪಟ್ಟಿಯ ಬಿಷಪ್ ಬ್ರೆಜಿಯಾಕ್

1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಹೊರಡಿಸಿದ ಆಜ್ಞೆಯಂತೆ ದಕ್ಷಿಣ ಭಾರತದ ಕ್ಯಾಥೊಲಿಕ್ ಮಿಷನರಿಗಳೆಲ್ಲ ಒಂದು ಪ್ರಮಾಣ ಮಾಡಬೇಕಿತ್ತು: ‘ಮಲಬಾರ್ ಆಚರಣೆ’ಗಳಲ್ಲಿ, ಅಂದರೆ ಮತಾಂತರಗೊಂಡವರು ಉಳಿಸಿಕೊಂಡ ಸ್ಥಳೀಯ ರೂಢಿಗಳಲ್ಲಿ, ನಿಷೇಧಿಸಿದ ಯಾವುದನ್ನೂ ನಡೆಯಗೊಡುವುದಿಲ್ಲ ಎಂದು. ನಿಷೇಧ ತೀರ ಸಣ್ಣ ಸಂಗತಿಗಳವರೆಗೂ ಹೋಗಿತ್ತು. ತಾಳಿಯ ಮೇಲೆ ಪಿಳ್ಳೆಯಾರ್ (ಗಣಪತಿ) ಇರಕೂಡದು, ಅದರ ದಾರಕ್ಕೆ ನೂರೆಂಟು ಎಳೆ ಇರಕೂಡದು. ಅಸ್ಪೃಶ್ಯರೆನಿಸಿದ ಪರೈಯರ ಗುಡಿಸಲಿನಲ್ಲಿ ಸಾಯುತ್ತ ಮಲಗಿದವನಿಗೆ ಅಂತಿಮ ಸಂಸ್ಕಾರ ಕೊಡಲು ಪಾದ್ರಿಯೊಬ್ಬ ಒಳಗೆ ಹೋಗಲೇಬೇಕು. ಈ ವಿವಾದಕ್ಕೆ ಮೂಲವಾದದ್ದು, ಸ್ಥಳೀಯ ಆಚಾರಗಳನ್ನು ಉಳಿಸಿಕೊಂಡೇ ಮತ ಬೋಧಿಸಲು ಜೆಸ್ಯೂಟ್ ಪಾದ್ರಿ ದೆ ನೊಬಿಲಿ ಮದುರೆಯಲ್ಲಿ ನಡೆಸಿದ ಪ್ರಯೋಗ. ಅದು ಚರ್ಚಿನ ಯಾವ ಚರಿತ್ರೆಯಲ್ಲೂ ಸಿಗುತ್ತದೆ. ಅದರ ಪುನರುಕ್ತಿ ಇಲ್ಲಿ ಬೇಕಿಲ್ಲ.

ಪ್ರಮಾಣ ಮಾಡಿದವರೇ ‘ಇದು ಧರ್ಮವಲ್ಲ, ಲೋಕರೂಢಿ’ ಎಂದು ಸಮಾಧಾನ ಹೇಳಿಕೊಂಡು ಜಾತಿಭೇದವನ್ನು ಚರ್ಚಿನೊಳಗೆ ಬಿಟ್ಟುಕೊಂಡರು. ಆತ್ಮವಂಚನೆ ಬೇರೂರಿದ್ದು ಇಲ್ಲೇ. ಇವರು ಸುಖಲೋಲುಪರೇನಲ್ಲ, ಬಿಸಿಲು, ಹಸಿವು, ಜ್ವರ ಎಲ್ಲ ಕಂಡವರು. ಪಟ್ಟ ಕಷ್ಟವೇ ತಮ್ಮ ಪ್ರಾಮಾಣಿಕತೆಗೆ ಸಾಕ್ಷಿ ಎಂದು ನಂಬಿದ್ದೇ ಅವರ ತೊಡಕು.

ಇಂಥವರ ನಡುವೆ ಬೇರೆಯಾಗಿ ನಿಂತವರು ಫ್ರೆಂಚ್ ಮಿಷನರಿ ಮೆಲ್ಕಿಯೋರ್ ದೆ ಮಾರಿಯೋನ್ ಬ್ರೆಜಿಯಾಕ್. ಅವರು 1842ರಲ್ಲಿ ಪುದುಚೇರಿಗೆ ಬಂದು, 1846ರಲ್ಲಿ ಕೋಯಮತ್ತೂರು ಬಳಿಯ ಕರುಮತ್ತಂಪಟ್ಟಿಯಲ್ಲಿ ಬಿಷಪ್ ದೀಕ್ಷೆ ಪಡೆದರು. 1850ರಲ್ಲಿ ಮೈಸೂರು, ಕೋಯಮತ್ತೂರು ಎರಡೂ ಪ್ರತ್ಯೇಕ ಪ್ರಾಂತ್ಯಗಳಾದಾಗ ಕೋಯಮತ್ತೂರು ಇವರ ಪಾಲಿಗೆ ಬಂತು. ಸ್ಥಳೀಯ ಪದ್ಧತಿಗಳ ಮೇಲೆ ಇವರಿಗೆ ದ್ವೇಷವಿರಲಿಲ್ಲ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ರೋಮ್ ಸ್ಪಷ್ಟವಾಗಿ ಹೇಳಬೇಕೆಂದು ಕೇಳಿದರು. ಹೇಳಲಿಲ್ಲ. ಆಗ ಬ್ರೆಜಿಯಾಕ್ ಹುದ್ದೆ ಬಿಡಲು ಕೋರಿದರು; 1855ರಲ್ಲಿ ಪದತ್ಯಾಗ ಅಂಗೀಕಾರವಾಯಿತು.

ಇದನ್ನು ಅತಿಸೂಕ್ಷ್ಮ ಮನಸ್ಸಿನ ದೌರ್ಬಲ್ಯವೆನ್ನುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ: ಆಡಿದ ಮಾತಿಗೂ ನಡೆಗೂ ತಾಳೆಯಾಗಲಿಲ್ಲವೆಂದು ಅಧಿಕಾರ ಬಿಡುವುದು ದೌರ್ಬಲ್ಯವಾದರೆ ಕುರ್ಚಿಗೆ ಅಂಟಿಕೊಳ್ಳುವುದೇ ಸ್ಥೈರ್ಯವಾದೀತು. ಭಕ್ತ ಚರಿತ್ರಕಾರರ ದಾರಿ ಇನ್ನೊಂದು. ಬ್ರೆಜಿಯಾಕ್ 1856ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಆಫ್ರಿಕನ್ ಮಿಷನ್‌ಗಳ ಸಂಘ ಕಟ್ಟಿ, 1859ರ ಮೇ 14ರಂದು ಪಶ್ಚಿಮ ಆಫ್ರಿಕಾದ ಫ್ರೀಟೌನ್‌ನಲ್ಲಿ ಇಳಿದು, ಜೂನ್ 25ರಂದು ಹಳದಿ ಜ್ವರಕ್ಕೆ ಬಲಿಯಾದರು. ಆ ಸಾವೇ ಅವರ ತ್ಯಾಗಕ್ಕೆ ಪುರಾವೆ ಎನ್ನುತ್ತಾರೆ. ಜ್ವರ ಆತ್ಮವಂಚಕನನ್ನೂ ಬಿಡುವುದಿಲ್ಲ. ಪುರಾವೆ ಇರುವುದು ಕೋಯಮತ್ತೂರಿನ ಪದತ್ಯಾಗದಲ್ಲೇ.

ಅಬ್ಬೆ ದುಬುವಾನನ್ನು ಎದುರಿಗಿಟ್ಟರೆ ವಿಷಯ ನಿಚ್ಚಳವಾಗುತ್ತದೆ. ಮೈಸೂರು, ಕೋಯಮತ್ತೂರು ಸೀಮೆಗಳಲ್ಲಿ ದುಡಿದ ಈ ಫ್ರೆಂಚ್ ಪಾದ್ರಿ, ಕಾಲು ಶತಮಾನದಲ್ಲಿ ಮತಾಂತರಗೊಳಿಸಿದ್ದು ಇನ್ನೂರು ಮುನ್ನೂರು ಜನರನ್ನು, ಅವರಲ್ಲಿ ನಿಸ್ವಾರ್ಥಿ ಒಬ್ಬನೂ ನೆನಪಿಗೆ ಬಾರನು ಎಂದು 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಬರೆದ. ಪ್ರಾಟೆಸ್ಟೆಂಟ್ ಪಾದ್ರಿ ಜೇಮ್ಸ್ ಹಫ್ ಮರುವರ್ಷವೇ ಪುಸ್ತಕ ಬರೆದು ಖಂಡಿಸಿದ. ದುಬುವಾನ ಈ ನಿರ್ದಾಕ್ಷಿಣ್ಯವನ್ನು ಪ್ರಾಮಾಣಿಕತೆಯೆಂದು ಹೊಗಳುವುದು ವಾಡಿಕೆ. ಆದರೆ ಹಿಂದೂ ಆಚಾರಗಳ ಕುರಿತು ಮದರಾಸು ಸರ್ಕಾರಕ್ಕೆ ಆತ ಮಾರಿದ ಹಸ್ತಪ್ರತಿಯ ಬಹುಪಾಲು ಜೆಸ್ಯೂಟ್ ಕೂರ್ದೂ ಬರೆದದ್ದೆಂದು 1987ರಲ್ಲಿ ಸಂಶೋಧಕಿ ಸಿಲ್ವಿಯಾ ಮ್ಯೂರ್ ತೋರಿಸಿದರು. ಬಡ ಮತಾಂತರಿಗಳ ಸ್ವಾರ್ಥ ಎಣಿಸಿದ ಲೇಖನಿ ತನ್ನ ಸಾಲವನ್ನು ಬರೆದಿಡಲಿಲ್ಲ.

 ಬ್ರೆಜಿಯಾಕರ ಮಿತಿಯನ್ನೂ ಹೇಳಬೇಕು: ಅವರನ್ನು ಕಾಡಿದ್ದು ಪಾದ್ರಿಯ ಅಂತಃಸಾಕ್ಷಿ, ಗುಡಿಸಲಿನವನ ಪ್ರಶ್ನೆ ಅವರು ಹೊರಟ ಮೇಲೂ ಹಾಗೇ ಉಳಿಯಿತು. 2020ರಲ್ಲಿ ಪೋಪ್ ಫ್ರಾನ್ಸಿಸ್ ಬ್ರೆಜಿಯಾಕರನ್ನು ‘ಪೂಜ್ಯ’ (ವೆನರಬಲ್) ಎಂದು ಘೋಷಿಸಿದರು. ಪ್ರಮಾಣವನ್ನು ರೋಮ್ ಕೈಬಿಟ್ಟದ್ದು 1940ರಲ್ಲಿ, ಅವರ ಪದತ್ಯಾಗದ 85 ವರ್ಷಗಳ ನಂತರ.